ಮಾತು ತಿಳಿಯದೆ ನೋಡಿದ ‘ಜುರಾಸಿಕ್ ಪಾರ್ಕ್’

‘ಡೈನೋಸಾರ್’ ಎಂಬ ಪದ 1994ಕ್ಕೆ ಮೊದಲು ಕನ್ನಡದ ಮಕ್ಕಳಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ. ಜೀವವಿಕಾಸದ ಪಾಠದಲ್ಲಿ ಅದು ಒಂದು ಸಾಲಿನಲ್ಲಿ ಬಂದು ಹೋಗುತ್ತಿತ್ತು. ಪಕ್ಕದಲ್ಲೊಂದು ಮಸುಕು ಚಿತ್ರ, ಕೆಳಗೆ ‘ಅಳಿದುಹೋದ ದೈತ್ಯ ಸರೀಸೃಪ’ ಎಂಬ ವಿವರಣೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರಬಹುದಾಗಿದ್ದ ಆ ಪ್ರಾಣಿ ಬೀದಿಯ ಮಾತಿಗೆ ಇಳಿದಿರಲಿಲ್ಲ. ಆ ವರ್ಷ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ ‘ಜುರಾಸಿಕ್ ಪಾರ್ಕ್’ ಭಾರತದಲ್ಲಿ ತೆರೆ ಕಂಡಿತು. ಅದಾದ ಕೆಲವೇ ತಿಂಗಳಲ್ಲಿ ಮೈಸೂರಿನ ದೇವರಾಜ ಅರಸು ರಸ್ತೆಯ ಫುಟ್‌ಪಾತಿನಲ್ಲಿ ರಬ್ಬರಿನ ಡೈನೋಸಾರ್‌ಗಳು ಮಾರಾಟಕ್ಕೆ ಬಂದವು, ದಸರಾ ವಸ್ತುಪ್ರದರ್ಶನದಲ್ಲಿ ಅದರ ಚಿತ್ರವಿದ್ದ ಬನಿಯನ್ನುಗಳು ನೇತಾಡಿದವು. ಮನೆಯ ಗೋಡೆಯ ಹಲ್ಲಿಗೂ ಹುಡುಗರು ಅದೇ ಹೆಸರಿಟ್ಟರು. ಹಲ್ಲಿಗೆ ಆ ಹೆಸರು ಇಟ್ಟದ್ದರಲ್ಲಿ ಅರ್ಥವೂ ಇತ್ತೆನ್ನಿ. 1842ರಲ್ಲಿ ರಿಚರ್ಡ್ ಓವೆನ್ ಎಂಬ ಇಂಗ್ಲಿಷ್ ವಿಜ್ಞಾನಿ ಗ್ರೀಕ್ ಮಾತುಗಳಿಂದ ಕಟ್ಟಿದ ಆ ಪದದ ಅರ್ಥವೇ ‘ಭಯಂಕರ ಹಲ್ಲಿ’.

ಆಗ ನಾನು ಪಿ.ಯು.ಸಿ. ವಿದ್ಯಾರ್ಥಿ. ವಿಜ್ಞಾನದ ವಿಷಯಗಳನ್ನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಮ್ಮೆಲೇ ಇಂಗ್ಲಿಷಿನ ಮಡುವಿಗೆ ಬಿದ್ದವರ ಗುಂಪು ನಮ್ಮದು. ಆ ದಿನಗಳಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಚಿತ್ರ ಹಾಕುವ ಟಾಕೀಸುಗಳೇ ಬೇರೆ, ಕನ್ನಡ ಚಿತ್ರ ಹಾಕುವ ಟಾಕೀಸುಗಳೇ ಬೇರೆ. ಮೊದಲನೆಯದಕ್ಕೆ ಹೋಗುವವರ ಉಡುಪು, ನಡಿಗೆ, ಇಂಟರ್‌ವಲ್‌ನಲ್ಲಿ ಕಾಫಿ ಕುಡಿಯುವ ರೀತಿಯೂ ಬೇರೆಯೇ ಇರುತ್ತಿತ್ತು. ‘ಜುರಾಸಿಕ್ ಪಾರ್ಕ್’ ಬಂದಾಗ ಈ ಗೆರೆ ಅಳಿಸಿಹೋಯಿತು. ಹುಣಸೂರು, ನಂಜನಗೂಡು, ತಿ.ನರಸೀಪುರಗಳ ಬಸ್ಸಿಳಿದು ಬಂದವರು, ಸಂತೆಗೆ ಬಂದಿದ್ದ ರೈತರು, ಮಗ್ಗುಲಲ್ಲಿ ಮೊಮ್ಮಗನನ್ನು ಕೂರಿಸಿಕೊಂಡ ಅಜ್ಜಿಯರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಬ್ಲಾಕಿನಲ್ಲಿ ಟಿಕೆಟ್ ಮಾರುವವರಿಗೆ ಹಬ್ಬ. ಡಾ. ರಾಜ್ ಚಿತ್ರದ ಮೊದಲ ವಾರಕ್ಕೆ ಮಾತ್ರ ಕಾಣುತ್ತಿದ್ದ ನೂಕುನುಗ್ಗಲು ಇಂಗ್ಲಿಷ್ ಚಿತ್ರವೊಂದಕ್ಕೆ ಕಂಡದ್ದು ನಮ್ಮ ಪಾಲಿಗೆ ಹೊಸತು.

ಆದರೆ ಒಳಗೆ ಕುಳಿತವರಲ್ಲಿ ಎಷ್ಟು ಮಂದಿಗೆ ಆ ಮಾತು ಅರ್ಥವಾಗುತ್ತಿತ್ತು? ತೆರೆಯ ಕೆಳಗೆ ಅಕ್ಷರಗಳಿರಲಿಲ್ಲ. ನಟರ ಅಮೆರಿಕನ್ ಉಚ್ಚಾರಣೆ ಕಾಲೇಜಿನ ಇಂಗ್ಲಿಷ್ ಮೇಷ್ಟರ ಉಚ್ಚಾರಣೆಗೆ ಯಾವ ರೀತಿಯಲ್ಲೂ ಹೊಂದುತ್ತಿರಲಿಲ್ಲ. ಹೀಗಾಗಿ ಹಾಲ್‌ನಲ್ಲಿ ಎರಡು ಚಿತ್ರಗಳು ಒಟ್ಟಿಗೆ ನಡೆಯುತ್ತಿದ್ದವು. ಒಂದು ತೆರೆಯ ಮೇಲೆ, ಇನ್ನೊಂದು ಕುರ್ಚಿಗಳ ನಡುವೆ. ಪ್ರತಿ ನಾಲ್ಕು ಸಾಲಿಗೊಬ್ಬ ಅನುವಾದಕ ಇದ್ದೇ ಇರುತ್ತಿದ್ದ. ನಮ್ಮ ಹಿಂದೆ ಕುಳಿತಿದ್ದ ಸೋದರಮಾವನೊಬ್ಬ ತನ್ನ ಅಕ್ಕನ ಮಕ್ಕಳಿಗೆ, ಅವರ ನೆಪದಲ್ಲಿ ಇಡೀ ಸಾಲಿಗೆ, ವೀಕ್ಷಕ ವಿವರಣೆ ಕೊಡುತ್ತಿದ್ದರು. “ಕರೆಂಟ್ ಹೋಯ್ತು ಕಣ್ರೋ, ಇನ್ನು ಬೇಲಿ ಕೆಲಸ ಮಾಡಲ್ಲ, ಈಗ ಬರುತ್ತೆ ನೋಡಿ!” ಎಂದು ಅವರು ಹೇಳಿದಾಗ ಯಾರೂ ‘ಶ್’ ಎನ್ನಲಿಲ್ಲ. ಎಲ್ಲರಿಗೂ ಅವರ ಮಾತು ಬೇಕಾಗಿತ್ತು.

ಅದೇ ಚಿತ್ರ ಉತ್ತರದ ಊರುಗಳಲ್ಲಿ ಹಿಂದಿ ಮಾತನಾಡಿತು. ಹಾಲಿವುಡ್ ಚಿತ್ರವೊಂದು ಹಿಂದಿಗೆ ಡಬ್ ಆಗಿ ಸಣ್ಣ ಪಟ್ಟಣಗಳವರೆಗೂ ಹೋಗಿ ಹಣ ಬಾಚಿದ ಮೊದಲ ದೊಡ್ಡ ಉದಾಹರಣೆ ಅದು. ಮುಂದೆ ಬಂದ ಡಬ್ಬಿಂಗ್ ವ್ಯಾಪಾರಕ್ಕೆಲ್ಲ ದಾರಿ ತೋರಿದ್ದೂ ಅದೇ. ಕನ್ನಡದಲ್ಲಿ ಮಾತ್ರ ಆ ಪ್ರಶ್ನೆಯೇ ಏಳುವಂತಿರಲಿಲ್ಲ.

ಬಾಗಿಲು ಮುಚ್ಚಿದ್ದು ಏಕೆ

ಇಂದಿನ ಓದುಗರಿಗೆ ಈ ಹಿನ್ನೆಲೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1950 ಮತ್ತು 60ರ ದಶಕಗಳಲ್ಲಿ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ವರ್ಷಕ್ಕೆ ಬರುತ್ತಿದ್ದ ಚಿತ್ರಗಳು ಬೆರಳೆಣಿಕೆಯವು. ತೆಲುಗು, ತಮಿಳಿನ ಅದ್ಧೂರಿ ಪೌರಾಣಿಕಗಳು ಕನ್ನಡದ ಮಾತು ತೊಟ್ಟು ಬಂದರೆ, ಕಡಿಮೆ ಬಂಡವಾಳದ ಮೂಲ ಕನ್ನಡ ಚಿತ್ರಕ್ಕೆ ಟಾಕೀಸು ಸಿಗುವುದೇ ಕಷ್ಟವಾಗಿತ್ತು. ನಮ್ಮ ನಟರಿಗೆ, ತಂತ್ರಜ್ಞರಿಗೆ ಕೆಲಸವಿರಲಿಲ್ಲ. ಅ.ನ.ಕೃಷ್ಣರಾಯರಂಥ ಲೇಖಕರು, ಮ.ರಾಮಮೂರ್ತಿಯವರಂಥ ಹೋರಾಟಗಾರರು ಬೀದಿಗಿಳಿದರು. ರಾಜ್‌ಕುಮಾರ್ ಸೇರಿದಂತೆ ಚಿತ್ರರಂಗ ಅದಕ್ಕೆ ದನಿಗೂಡಿಸಿತು. ಡಬ್ಬಿಂಗ್ ನಿಂತಿತು. ಗಮನಿಸಬೇಕಾದ ಸಂಗತಿಯೆಂದರೆ, ಹಾಗೆ ನಿಲ್ಲಿಸಿದ ಕಾನೂನು ಯಾವುದೂ ಇರಲಿಲ್ಲ. ಅದು ಚಿತ್ರರಂಗದವರು ತಮ್ಮೊಳಗೇ ಕಟ್ಟಿಕೊಂಡ ಒಡಂಬಡಿಕೆ, ದಶಕಗಳು ಕಳೆದಂತೆ ಕಾನೂನಿಗಿಂತ ಬಿಗಿಯಾದ ಕಟ್ಟಳೆ.

ಆ ಹೋರಾಟ ತಪ್ಪಾಗಿತ್ತು ಎನ್ನುವವರ ಜೊತೆ ನನ್ನ ತಕರಾರಿದೆ. 70ರ ದಶಕದಲ್ಲಿ ಕನ್ನಡ ಚಿತ್ರರಂಗ ಕಂಡ ಏಳಿಗೆಗೆ, ಪುಟ್ಟಣ್ಣ ಕಣಗಾಲರಂಥವರಿಗೆ ಸಿಕ್ಕ ನೆಲೆಗೆ, ನಮ್ಮ ಕಾದಂಬರಿಗಳು ಒಂದಾದ ಮೇಲೊಂದರಂತೆ ತೆರೆಗೆ ಬಂದದ್ದಕ್ಕೆ ಆ ಬಾಗಿಲು ಮುಚ್ಚಿದ್ದೂ ಒಂದು ಕಾರಣ. ಆದರೆ ಔಷಧಿಯನ್ನು ಕಾಯಿಲೆ ವಾಸಿಯಾದ ಮೇಲೂ ಕುಡಿಯುತ್ತಾ ಹೋದೆವು ಎಂಬುದೂ ನಿಜ. ತೆಲುಗಿನ ಪ್ರೇಮಕಥೆಯನ್ನು ತಡೆಯಲು ಕಟ್ಟಿದ ಗೋಡೆ ಡೈನೋಸಾರನ್ನೂ ತಡೆಯಿತು. ಪ್ರಾಣಿ ಪ್ರಪಂಚದ ಸಾಕ್ಷ್ಯಚಿತ್ರಗಳನ್ನೂ ಮಕ್ಕಳ ಕಾರ್ಟೂನುಗಳನ್ನೂ ತಡೆಯಿತು. 2012ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೆ’ ಕಾರ್ಯಕ್ರಮವನ್ನು ಕನ್ನಡದಲ್ಲಿ ಟಿ.ವಿ.ಗೆ ತರಲು ಆಗಲಿಲ್ಲ. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಕಟ್ಟಳೆಯ ವಿರುದ್ಧ ತೀರ್ಪಿತ್ತು ದಂಡ ಹಾಕಿದ ಮೇಲೆ, 2017ರಲ್ಲಿ ತಮಿಳು ಚಿತ್ರವೊಂದು ‘ಸತ್ಯದೇವ್ ಐ.ಪಿ.ಎಸ್.’ ಹೆಸರಿನಲ್ಲಿ ಬಂತು. 2022ರಲ್ಲಿ ‘ಅವತಾರ್’ನ ಎರಡನೆಯ ಭಾಗ ಕನ್ನಡದಲ್ಲೂ ತೆರೆ ಕಂಡಿತು. ನಮ್ಮ ತಲೆಮಾರಿಗೆ ಅದು ಇಪ್ಪತ್ತೆಂಟು ವರ್ಷ ತಡ.

ತಿಳಿದದ್ದು ಎಷ್ಟು?

ಮಾತು ತಿಳಿಯದಿದ್ದರೂ ಆ ಚಿತ್ರ ನಮ್ಮನ್ನು ಕುರ್ಚಿಯ ತುದಿಗೆ ತಂದು ಕೂರಿಸಿತಲ್ಲ, ಅದು ಹೇಗೆ? ಮುಖ್ಯ ಕಾರಣ, ಸ್ಪೀಲ್‌ಬರ್ಗ್ ಭಯವನ್ನು ಮಾತಿನಲ್ಲಿ ಹೇಳುವವನಲ್ಲ. ವಿದ್ಯುತ್ ಬೇಲಿ, ಬೇಲಿಯಾಚೆ ಕಟ್ಟಿದ ಮೇಕೆ, ಮಳೆ, ಕತ್ತಲೆ. ಬೇಲಿಗೆ ವಿದ್ಯುತ್ ನಿಂತರೆ ಏನಾಗುತ್ತದೆಂದು ಮೈಸೂರು ಸೀಮೆಯವರಿಗೆ ಯಾರೂ ಇಂಗ್ಲಿಷಿನಲ್ಲಿ ಹೇಳಬೇಕಾಗಿರಲಿಲ್ಲ. ನಾಗರಹೊಳೆ, ಬಂಡೀಪುರದ ಅಂಚಿನ ಊರುಗಳವರು ಆನೆಗಳನ್ನು ತಡೆಯಲು ಹಾಕುವ ಬೇಲಿಯ ಕಥೆ ಅದೇ ತಾನೆ. ಇನ್ನು ಲೋಡ್ ಶೆಡ್ಡಿಂಗ್ ವಿಷಯದಲ್ಲಿ ಅಮೆರಿಕದ ಪ್ರೇಕ್ಷಕರಿಗಿಂತ ನಮ್ಮ ಅನುಭವವೇ ಹಿರಿದು.

ಕಾರಿನೊಳಗಿನ ಲೋಟದ ನೀರಿನಲ್ಲಿ ಉಂಗುರಗಳೇಳುವ ದೃಶ್ಯ ನೆನಪಿದೆಯೆ? ಇನ್ನೂ ಕಾಣದ ಟಿರಾನೋಸಾರಸ್ ಹೆಜ್ಜೆ ಇಡುತ್ತಿದೆ ಎಂಬುದನ್ನು ಆ ನೀರಿನ ನಡುಕವೊಂದೇ ಹೇಳಿಬಿಡುತ್ತದೆ. ಆ ಉಂಗುರಗಳನ್ನು ಸರಿಯಾಗಿ ಎಬ್ಬಿಸುವುದು ಚಿತ್ರತಂಡಕ್ಕೆ ದೊಡ್ಡ ತಲೆನೋವಾಗಿತ್ತಂತೆ. ಕೊನೆಗೆ ದಾರಿ ತೋರಿದ್ದು ಗಿಟಾರ್. ಕಾರಿನ ತಳದಿಂದ ಗಿಟಾರಿನ ತಂತಿ ಬಿಗಿದು, ಕೆಳಗೆ ಮಲಗಿದ ಒಬ್ಬ ಅದನ್ನು ಮೀಟಿದ. ವೀಣೆ ಶೇಷಣ್ಣನವರ ಊರಿನವರಾದ ನಮಗೆ ಈ ಉಪಾಯ ಮೊದಲೇ ಹೊಳೆಯಬೇಕಿತ್ತು. ಮೀಟಿದ ತಂತಿಯ ನಾದ ವೀಣೆಯ ಕೊಡದ ತುಂಬ ಹರಡುವುದನ್ನು ಕೈಯಿಟ್ಟು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ.

ಆ ಪ್ರಾಣಿಯ ಘರ್ಜನೆ ಇನ್ನೂ ಸ್ವಾರಸ್ಯದ್ದು. ಆರೂವರೆ ಕೋಟಿ ವರ್ಷದ ಹಿಂದೆ ಅಳಿದ ಪ್ರಾಣಿ ಹೇಗೆ ಕೂಗುತ್ತಿತ್ತೆಂದು ಕೇಳಿದವರು ಯಾರೂ ಇಲ್ಲ. ಧ್ವನಿ ವಿನ್ಯಾಸಕ ಗ್ಯಾರಿ ರೈಡ್‌ಸ್ಟ್ರಾಮ್ ಮರಿಯಾನೆಯ ಘೀಳನ್ನು ನಿಧಾನಗೊಳಿಸಿ, ಹುಲಿಯ ಗರ್ಜನೆ, ಮೊಸಳೆಯ ಗುಟುರು ಬೆರೆಸಿ ಆ ಕೂಗನ್ನು ತಯಾರಿಸಿದ. ಅಂದರೆ ಟಾಕೀಸಿನಲ್ಲಿ ನಮ್ಮ ಎದೆ ನಡುಗಿಸಿದ್ದು, ಬಹುಪಾಲು, ಅರಮನೆಯ ಅಂಗಳದಲ್ಲಿ ದಸರಾ ಹೊತ್ತಿಗೆ ದಿನವೂ ಕೇಳುವ ದನಿಯೇ. ಚಿತ್ರದ ಧ್ವನಿಗೆ, ಧ್ವನಿ ಪರಿಣಾಮಕ್ಕೆ, ದೃಶ್ಯ ಪರಿಣಾಮಕ್ಕೆ ಮೂರು ಆಸ್ಕರ್‌ಗಳು ಬಂದವು. ಆ ಧ್ವನಿಗಾಗಿಯೇ ಹೊಸದಾಗಿ ತಂದಿದ್ದ ಡಿ.ಟಿ.ಎಸ್. ಏರ್ಪಾಡು ನಾವು ನೋಡಿದ ಟಾಕೀಸಿನಲ್ಲಿ ಇರಲಿಲ್ಲ. ಇದ್ದಿದ್ದರೆ ಅಜ್ಜಿಯರ ಗತಿ ಏನಾಗುತ್ತಿತ್ತೋ!

ಎರಡು ಗಂಟೆಗೂ ಮೀರಿದ ಆ ಚಿತ್ರದಲ್ಲಿ ಡೈನೋಸಾರ್‌ಗಳು ತೆರೆಯ ಮೇಲಿರುವುದು ಸುಮಾರು ಹದಿನೈದು ನಿಮಿಷ ಮಾತ್ರ ಎಂದರೆ ಈಗಲೂ ಹಲವರು ನಂಬುವುದಿಲ್ಲ. ಅದರಲ್ಲೂ ಕಂಪ್ಯೂಟರಿನಲ್ಲಿ ಬರೆದದ್ದು ಆರು ನಿಮಿಷದಷ್ಟು. ಉಳಿದದ್ದು ಸ್ಟ್ಯಾನ್ ವಿನ್‌ಸ್ಟನ್‌ನ ಕಾರ್ಖಾನೆಯಲ್ಲಿ ರಬ್ಬರು, ಉಕ್ಕು, ಯಂತ್ರಗಳಿಂದ ಕಟ್ಟಿದ ಗೊಂಬೆಗಳು. ನಮ್ಮ ಬೊಂಬೆಯಾಟದವರ ದಾಯಾದಿಗಳೆಂದು ಬೇಕಾದರೆ ಕರೆಯಿರಿ. ಈಗಿನ ಚಿತ್ರಗಳಲ್ಲಿ ಎರಡು ಗಂಟೆಯೂ ಕಂಪ್ಯೂಟರ್ ಪ್ರಾಣಿಗಳೇ ಕುಣಿಯುತ್ತವೆ. ಒಂದರ ಭಾರವೂ ನೆಲಕ್ಕೆ ತಾಗುವುದಿಲ್ಲ.

ಇನ್ನೊಂದು ಪರಿಚಿತ ಸಂಗತಿಯೂ ಅಲ್ಲಿತ್ತು. ಉದ್ಯಾನವನ್ನು ಕಟ್ಟುವ ಬಿಳಿ ಗಡ್ಡದ ಮುದುಕನ ಪಾತ್ರ ಮಾಡಿದವರು ರಿಚರ್ಡ್ ಅಟೆನ್‌ಬರೊ. ಶಾಲೆಯಿಂದ ಸಾಲಾಗಿ ಕರೆದೊಯ್ದು ತೋರಿಸಿದ್ದ ‘ಗಾಂಧಿ’ಯನ್ನು ನಿರ್ದೇಶಿಸಿದವರು ಅವರೇ, ಸತ್ಯಜಿತ್ ರಾಯ್ ಅವರ ‘ಶತರಂಜ್ ಕೆ ಖಿಲಾಡಿ’ಯಲ್ಲಿ ಔಟ್ರಮ್ ದೊರೆಯಾಗಿ ನಟಿಸಿದವರೂ ಅವರೇ. 1983ರಲ್ಲಿ ‘ಗಾಂಧಿ’ಗಾಗಿ ಆಸ್ಕರ್ ಗೆದ್ದಾಗ ಅವರು ಹಿಂದಿಕ್ಕಿದ್ದು ‘ಇ.ಟಿ.’ ಮಾಡಿದ್ದ ಇದೇ ಸ್ಪೀಲ್‌ಬರ್ಗನನ್ನು. ಹತ್ತು ವರ್ಷದ ಮೇಲೆ ಸೋತವನು ಗೆದ್ದವರನ್ನು ಕರೆದು ಪಾತ್ರ ಕೊಟ್ಟ.

ಸೊಳ್ಳೆಯ ಹೊಟ್ಟೆಯ ರಕ್ತ

ಭಯ ದಾಟಿತು, ಸರಿ. ಚಿತ್ರದ ತಿರುಳಾದ ವಿಜ್ಞಾನ ದಾಟಿತೇ? ಇದಕ್ಕೆಂದೇ ಚಿತ್ರದ ಆರಂಭದಲ್ಲಿ ಒಂದು ಪುಟ್ಟ ಕಾರ್ಟೂನು ಬರುತ್ತದೆ. ಏಣಿಯಂತೆ ತಿರುಚಿಕೊಂಡ ಡಿ.ಎನ್.ಎ.ಯೇ ಒಂದು ಗೊಂಬೆಯಾಗಿ ಬಂದು, ಡೈನೋಸಾರನ್ನು ಹೇಗೆ ಮರುಸೃಷ್ಟಿಸಿದರೆಂದು ವಿವರಿಸುತ್ತದೆ. ಡೈನೋಸಾರಿನ ರಕ್ತ ಹೀರಿದ ಸೊಳ್ಳೆಯೊಂದು ಮರದ ಅಂಟಿಗೆ ಸಿಕ್ಕಿಬಿದ್ದಿತು. ಆ ಅಂಟು ಯುಗಗಳ ಕಾಲ ಮಣ್ಣಿನಡಿ ಹೂತು ‘ಅಂಬರ್’ ಎಂಬ ಹೊಂಬಣ್ಣದ ಕಲ್ಲಾಯಿತು. ವಿಜ್ಞಾನಿಗಳು ಕಲ್ಲನ್ನು ಕೊರೆದು, ಸೊಳ್ಳೆಯ ಹೊಟ್ಟೆಯ ರಕ್ತ ತೆಗೆದು, ಅದರ ಡಿ.ಎನ್.ಎ.ಯಲ್ಲಿ ಹರಿದುಹೋದ ಕಡೆ ಕಪ್ಪೆಯ ಡಿ.ಎನ್.ಎ. ತೇಪೆ ಹಾಕಿ, ಮೊಟ್ಟೆಯೊಳಗೆ ಮರಿ ಬೆಳೆಸಿದರು. ಮೈಕೆಲ್ ಕ್ರೈಟನ್ 1990ರಲ್ಲಿ ಬರೆದ ಕಾದಂಬರಿಯ ಜಾಣ್ಮೆಯೆಲ್ಲ ಈ ಒಂದು ಊಹೆಯಲ್ಲಿದೆ.

ಚಿತ್ರ ಬರೆದು ತೋರಿಸಿದ್ದರಿಂದ ಸೊಳ್ಳೆ, ಅಂಟು, ಸೂಜಿ, ಮೊಟ್ಟೆ ಎಲ್ಲರಿಗೂ ತಿಳಿದವು. ಕಪ್ಪೆ ಏಕೆ ಬಂತೆಂದು ತಿಳಿಯಲಿಲ್ಲ. ಆದರೆ ಮುಂದಿನ ಕಥೆಯ ಗಂಟು ಇರುವುದೇ ಅಲ್ಲಿ. ಉದ್ಯಾನದಲ್ಲಿ ಸಂತಾನ ಬೆಳೆಯದಿರಲೆಂದು ಹೆಣ್ಣುಗಳನ್ನು ಮಾತ್ರ ಹುಟ್ಟಿಸಿರುತ್ತಾರೆ. ಕೆಲವು ಜಾತಿಯ ಕಪ್ಪೆಗಳು ಲಿಂಗ ಬದಲಿಸಬಲ್ಲವು. ತೇಪೆಯ ಜೊತೆ ಆ ಗುಣವೂ ಬಂದು, ಹೆಣ್ಣುಗಳ ಹಿಂಡಿನಲ್ಲಿ ಮೊಟ್ಟೆಗಳು ಕಾಣಿಸಿಕೊಳ್ಳುತ್ತವೆ. ಮಾತಿನಲ್ಲಷ್ಟೇ ಹೇಳಿದ ಈ ಸಂಗತಿ ನಮ್ಮ ಸಾಲಿನ ಸೋದರಮಾವನಿಗೂ ಜಾರಿಹೋಯಿತು. “ಯಾರೋ ಕದ್ದು ತಂದು ಇಟ್ಟಿರಬೇಕು” ಎಂದು ಅವರು ಮೊಟ್ಟೆಗಳ ಬಗ್ಗೆ ತೀರ್ಪಿತ್ತರು.

ಇಷ್ಟಕ್ಕೂ ಇದು ಸಾಧ್ಯವೇ? ಆಗ ಸಾಧ್ಯವೆಂದು ನಂಬಿದ್ದವರು ಪ್ರೇಕ್ಷಕರಷ್ಟೇ ಅಲ್ಲ. 1993ರ ಜೂನ್‌ನಲ್ಲಿ, ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾದ ವಾರವೇ, ಲೆಬನಾನಿನ ಅಂಬರಿನಲ್ಲಿ ಸಿಕ್ಕ, 12 ಕೋಟಿ ವರ್ಷಕ್ಕೂ ಹಳೆಯ ಮೂತಿಹುಳುವಿನಿಂದ ಡಿ.ಎನ್.ಎ. ತೆಗೆದೆವೆಂಬ ಲೇಖನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಡೈನೋಸಾರ್ ಕಾಲದ ಮೂಳೆಯಿಂದಲೇ ಡಿ.ಎನ್.ಎ. ಸಿಕ್ಕಿತೆಂದು ಇನ್ನೊಂದು ತಂಡ ಹೇಳಿತು. ಅದು ಪರೀಕ್ಷೆ ಮಾಡಿದ ಮನುಷ್ಯರದೇ ಜಾತಿಯದೆಂದು ಆಮೇಲೆ ತಿಳಿಯಿತು. ಕೈ, ಕೆಮ್ಮು, ಗಾಳಿಯಿಂದ ಬೆರೆತ ಮನುಷ್ಯ ಡಿ.ಎನ್.ಎ. ಅದು. 1997ರಲ್ಲಿ ಲಂಡನ್ನಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದವರು ಅಂಬರಿನ ಕೀಟಗಳ ಮೇಲೆ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿದಾಗ ಏನೂ ಸಿಗಲಿಲ್ಲ.

ಲೆಕ್ಕ ಕೊಟ್ಟದ್ದು ನ್ಯೂಜಿಲೆಂಡಿನ ಅಳಿದ ಹಕ್ಕಿ ಮೋವಾ. ಅದರ 158 ಕಾಲ್ಮೂಳೆಗಳನ್ನು ಅಳೆದು 2012ರಲ್ಲಿ ವಿಜ್ಞಾನಿಗಳು ಹೇಳಿದ್ದಿಷ್ಟು: ಅಲ್ಲಿಯ ಹವೆಯಲ್ಲಿ ಪ್ರತಿ 521 ವರ್ಷಕ್ಕೆ ಡಿ.ಎನ್.ಎ. ಸರಪಳಿಯ ಕೊಂಡಿಗಳಲ್ಲಿ ಅರ್ಧದಷ್ಟು ಮುರಿಯುತ್ತವೆ, ಉಳಿದರ್ಧದಲ್ಲಿ ಅರ್ಧ ಮುಂದಿನ 521 ವರ್ಷಕ್ಕೆ, ಹೀಗೆ. ಹೆಪ್ಪುಗಟ್ಟಿಸುವ ಚಳಿಯಲ್ಲಿಟ್ಟರೂ 68 ಲಕ್ಷ ವರ್ಷಕ್ಕೆ ಒಂದು ಕೊಂಡಿಯೂ ಉಳಿಯದು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಇದುವರೆಗೆ ದೊರೆತ ಅತಿ ಹಳೆಯ ಡಿ.ಎನ್.ಎ. ಗ್ರೀನ್‌ಲೆಂಡಿನ ಹೆಪ್ಪುಗಟ್ಟಿದ ಮಣ್ಣಿನದು, 20 ಲಕ್ಷ ವರ್ಷದ್ದು, 2022ರಲ್ಲಿ ಪ್ರಕಟವಾಯಿತು. ಇನ್ನೊಂದು ತಮಾಷೆ ಇದೆ. ಚಿತ್ರದಲ್ಲಿ ಅಂಬರ್ ಅಗೆಯುವುದು ಡೊಮಿನಿಕನ್ ಗಣರಾಜ್ಯದ ಗಣಿಯಲ್ಲಿ. ಅಲ್ಲಿಯ ಅಂಬರ್ ಹೆಚ್ಚೆಂದರೆ ಕೆಲವು ಕೋಟಿ ವರ್ಷದ್ದು, ಡೈನೋಸಾರ್‌ಗಳೆಲ್ಲ ಮಣ್ಣಾದ ಬಹಳ ಕಾಲದ ಮೇಲಿನದು. ಸೊಳ್ಳೆಗೆ ಕಚ್ಚಲು ಡೈನೋಸಾರೇ ಇರಲಿಲ್ಲ.

ಮಾನಸಗಂಗೋತ್ರಿಯ ನೊಣಗಳು

ನಾವು ತೆರೆಯ ಮೇಲಿನ ಪ್ರಯೋಗಾಲಯಕ್ಕೆ ಬಾಯಿಬಿಟ್ಟುಕೊಂಡು ಕುಳಿತಿದ್ದಾಗ, ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿಯಲ್ಲಿ, ಪ್ರಾಣಿಶಾಸ್ತ್ರ ವಿಭಾಗದ ಸಾಲುಸಾಲು ಗಾಜಿನ ಬಾಟಲಿಗಳಲ್ಲಿ ವಂಶವಾಹಿಗಳ ಆಟ ಸದ್ದಿಲ್ಲದೆ ನಡೆದಿತ್ತು. ಎಂ.ಆರ್. ರಾಜಶೇಖರಸೆಟ್ಟಿ, ಎನ್.ಬಿ. ಕೃಷ್ಣಮೂರ್ತಿ ಅವರ ಕಾಲದಿಂದ ಮೈಸೂರು ವಿಶ್ವವಿದ್ಯಾನಿಲಯ ಡ್ರೊಸೊಫಿಲ ಎಂಬ ಹಣ್ಣಿನ ನೊಣದ ಅಧ್ಯಯನಕ್ಕೆ ಹೆಸರಾದದ್ದು. ಕೊಳೆತ ಬಾಳೆಹಣ್ಣಿನ ಸುತ್ತ ಗುಂಯ್ಗುಟ್ಟುವ ಆ ಪುಟ್ಟ ನೊಣವೇ. ದೇಶದ ಬೇರೆ ಪ್ರಯೋಗಾಲಯಗಳಿಗೆ ತಳಿಗಳನ್ನು ಒದಗಿಸುವ ಸಂಗ್ರಹ ಕೇಂದ್ರವೂ ಅಲ್ಲಿದೆ.

ಅಲ್ಲಿ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಮಾಡಿದ ಒಂದು ಕೆಲಸವನ್ನು ಕ್ರೈಟನ್ ಓದಿದ್ದರೆ ಕುಣಿದಾಡುತ್ತಿದ್ದ. ಹತ್ತಿರದ ನೆಂಟರಾದ ಎರಡು ಬಗೆಯ ನೊಣಗಳು: ಒಂದರ ಜೀವಕೋಶದಲ್ಲಿ 8 ವರ್ಣತಂತುಗಳು, ಇನ್ನೊಂದರಲ್ಲಿ 6. ಇವುಗಳನ್ನು ಕೂಡಿಸಿ, ಹುಟ್ಟಿದ ಮಿಶ್ರ ಸಂತಾನವನ್ನು ತಲೆಮಾರಿನಿಂದ ತಲೆಮಾರಿಗೆ ಸಾಕಿದಾಗ, ಎರಡರ ವರ್ಣತಂತುಗಳೂ ಹೊಸ ರೀತಿಯಲ್ಲಿ ಜೋಡಣೆಯಾಗಿ ನೆಲೆನಿಂತ ತಳಿಗಳು ಉಂಟಾದವು. ಹೊರಗಿನ ಪ್ರಕೃತಿಯಲ್ಲಿ ಎಲ್ಲೂ ಇಲ್ಲದ, ಬಾಟಲಿಯೊಳಗೇ ಹುಟ್ಟಿ ಬಾಟಲಿಯೊಳಗೇ ಬದಲಾಗುತ್ತ ಬಂದ ತಳಿಗಳು. ಹೊಸ ಜೀವಿಬಗೆ ಹುಟ್ಟುವಾಗ ಏನಾಗುತ್ತದೆಂಬುದನ್ನು ಕಣ್ಣೆದುರು ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ತಪ್ಪಿಸಿಕೊಂಡರೂ ಅವು ಯಾರನ್ನೂ ತಿನ್ನುವುದಿಲ್ಲ, ಬಾಳೆಹಣ್ಣು ಹುಡುಕಿಕೊಂಡು ಹೋಗುತ್ತವೆ. ಹಾಗಾಗಿ ಅದರ ಮೇಲೆ ಯಾರೂ ಸಿನಿಮಾ ತೆಗೆಯಲಿಲ್ಲ. ನನ್ನ ಸಹಪಾಠಿಗಳಲ್ಲಿ ಇಬ್ಬರು ಇಂಜಿನಿಯರಿಂಗಿನ ಗುಂಗು ಬಿಟ್ಟು ಜೀವಶಾಸ್ತ್ರ ಹಿಡಿದದ್ದಕ್ಕೆ ಮಾತ್ರ ಆ ಸಿನಿಮಾವೇ ಕಾರಣ. ಒಬ್ಬಳು ವರ್ಷಗಟ್ಟಲೆ ಇದೇ ನೊಣಗಳನ್ನು ಎಣಿಸಿದಳು.

ಕನ್ನಡದಲ್ಲಿ ಇಂಥ ಕುತೂಹಲಕ್ಕೆ ಮೇವು ಇರಲೇ ಇಲ್ಲವೆಂದರೆ ಕೃತಘ್ನತೆಯಾದೀತು. ಮೈಸೂರಿನಲ್ಲೇ ಇದ್ದ ಜೆ.ಆರ್. ಲಕ್ಷ್ಮಣರಾಯರ ಸಂಪಾದಕತ್ವದ ‘ಬಾಲ ವಿಜ್ಞಾನ’ ಇತ್ತು, ಜಿ.ಟಿ. ನಾರಾಯಣರಾಯರ ಪುಸ್ತಕಗಳಿದ್ದವು, ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಮೈಸೂರಿನಲ್ಲಿ ಓದಿ ಮಲೆನಾಡಿಗೆ ಹೋಗಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲೇ ಬಂದಿತ್ತು. ಯುಗಗಳ ಹಿಂದಿನ ಕೊಂಡಿಯಂತೆ ಉಳಿದಿರಬಹುದಾದ ಹಾರುವ ಓತಿಯೊಂದನ್ನು ಹುಡುಕಿಕೊಂಡು ವಿಜ್ಞಾನಿಯೊಬ್ಬರು, ಮಂದಣ್ಣನೆಂಬ ಹಳ್ಳಿ ಹುಡುಗ, ಒಬ್ಬ ಅಡಿಗೆಯವ, ಒಂದು ನಾಯಿ ಕಾಡು ಹೊಕ್ಕುವ ಕಥೆ. ಸ್ಪೀಲ್‌ಬರ್ಗನ ದ್ವೀಪಕ್ಕೆ ಹೆಲಿಕಾಪ್ಟರ್ ಬೇಕು; ಕರ್ವಾಲೊ ಹಿಂದೆ ಹೋಗಲು ಗಟ್ಟಿ ಕಾಲಿದ್ದರೆ ಸಾಕು. ಎರಡರಲ್ಲಿ ಯಾವುದು ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯಿತೆಂದು ಕೇಳಿದರೆ ನನ್ನ ಉತ್ತರ ಓತಿಯ ಕಡೆಗೇ. ಆದರೆ ಕನ್ನಡ ಸಿನಿಮಾ ಈ ಹಾದಿಯಲ್ಲಿ ಹೆಚ್ಚು ದೂರ ನಡೆಯಲಿಲ್ಲ. 2002ರಲ್ಲಿ ಉಪೇಂದ್ರರ ‘ಹಾಲಿವುಡ್’ ಯಂತ್ರಮಾನವನನ್ನು ತಂದಿತು, ಅಷ್ಟೇ. ನೆರೆಯ ತೆಲುಗಿನಲ್ಲಿ 1991ರಷ್ಟು ಹಿಂದೆಯೇ ‘ಆದಿತ್ಯ 369’ ಕಾಲಯಂತ್ರವೇರಿ ಕೃಷ್ಣದೇವರಾಯನ ಆಸ್ಥಾನಕ್ಕೆ ಬಂದಿಳಿದಿತ್ತು. ಅದರ ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ನಮ್ಮ ‘ಹಾಲು ಜೇನು’ ನಿರ್ದೇಶಿಸಿದವರೇ ಎಂಬುದು ಹೊಟ್ಟೆ ಉರಿಸುವ ಮಾತು.

ಚಿತ್ರ ನೋಡಿ ಬಂದ ಮೈಸೂರಿನ ಹುಡುಗರೆಲ್ಲ ಕೇಳಿದ ಒಂದು ಪ್ರಶ್ನೆಯಿತ್ತು: ನಮ್ಮ ಚಾಮುಂಡಿ ಬೆಟ್ಟದಲ್ಲಿ ಅಗೆದರೆ ಡೈನೋಸಾರ್ ಸಿಕ್ಕೀತೇ? ಸಿಗದು. ಬೆಟ್ಟದ ಗ್ರಾನೈಟು ಸುಮಾರು 80 ಕೋಟಿ ವರ್ಷ ಹಳೆಯದು. ಭೂಮಿಯಾಳದ ಕುದಿದ್ರವ ಆರಿ ಗಟ್ಟಿಯಾದದ್ದು. ಮೊದಲ ಡೈನೋಸಾರ್ ಹುಟ್ಟುವುದಕ್ಕೆ ಆಗಿನ್ನೂ 55 ಕೋಟಿ ವರ್ಷಕ್ಕೂ ಹೆಚ್ಚು ಕಾಲವಿತ್ತು. ಬೆಟ್ಟದ ನಂದಿಗೆ ಹೋಲಿಸಿದರೆ ಟಿರಾನೋಸಾರಸ್ ನಿನ್ನೆಯ ಕೂಸು. ಭಾರತದ ಡೈನೋಸಾರ್‌ಗಳು ಸಿಕ್ಕಿದ್ದು ಜಬಲ್‌ಪುರದಲ್ಲಿ, 1828ರಷ್ಟು ಹಿಂದೆಯೇ. ಆಮೇಲೆ ಗುಜರಾತಿನ ಬಾಲಾಸಿನೋರ್ ಬಳಿ ಮೊಟ್ಟೆಗಳ ರಾಶಿಯೇ ಸಿಕ್ಕಿತು. ಕರ್ನಾಟಕದಲ್ಲಿ ಆ ಕಾಲದ ಸಾಕ್ಷಿ ಬೇಕೆಂದರೆ ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡಬೇಕು, ಅಥವಾ ಬೀದರ್, ಕಲಬುರಗಿ, ವಿಜಯಪುರಗಳ ಕಪ್ಪು ನೆಲವನ್ನು. ಡೈನೋಸಾರ್ ಯುಗದ ಅಂತ್ಯದ ಹೊತ್ತಿಗೆ ದಖ್ಖನ್ನಿನಲ್ಲಿ ಉಕ್ಕಿ ಹರಿದ ಲಾವಾ ಶಿಲೆ ಸವೆದು ಆದ ಎರೆಮಣ್ಣು ಅದು. ಅದರಲ್ಲಿ ಈಗ ಜೋಳ ಬೆಳೆಯುತ್ತದೆ.

ಕೊನೆಯ ದೃಶ್ಯದ ಹಕ್ಕಿಗಳು

ಮಾತು ತಿಳಿಯದ್ದರಿಂದ ಆದ ದೊಡ್ಡ ನಷ್ಟವನ್ನು ಇನ್ನೂ ಹೇಳಿಲ್ಲ. ಬದುಕಿ ಉಳಿದವರು ಹೆಲಿಕಾಪ್ಟರ್ ಏರಿ ದ್ವೀಪ ಬಿಟ್ಟು ಹೊರಡುತ್ತಾರೆ. ಯಾರೂ ಮಾತಾಡುವುದಿಲ್ಲ. ವಿಜ್ಞಾನಿ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಕಡಲಿನ ಮೇಲೆ ಹೆಜ್ಜಾರ್ಲೆಗಳ ಸಾಲೊಂದು ರೆಕ್ಕೆ ಚಾಚಿ ಹಾರುತ್ತಿದೆ. ಅವನ ಮುಖದಲ್ಲಿ ಸಣ್ಣ ನಗೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ನಮ್ಮ ಟಾಕೀಸಿನಲ್ಲಿ ಹಕ್ಕಿಗಳು ಬಂದ ಹೊತ್ತಿಗೆ ಅರ್ಧ ಜನ ಎದ್ದು ನಿಂತಾಗಿತ್ತು, ಬಾಗಿಲು ತೆರೆದಾಗಿತ್ತು. ಯಾವುದೋ ಹಕ್ಕಿ, ಸೊಗಸಾದ ದೃಶ್ಯ, ಮಂಗಳ ಹಾಡಿದರು, ಹೊರಡೋಣ ಎಂಬಂತೆ.

ಅಸಲಿಗೆ ಚಿತ್ರದ ಉತ್ತರವೇ ಅಲ್ಲಿದೆ. ಆರಂಭದ ದೃಶ್ಯದಲ್ಲೇ ಆ ವಿಜ್ಞಾನಿ ಮರಳುಗಾಡಿನಲ್ಲಿ ಮೂಳೆ ಅಗೆಯುತ್ತ, ಡೈನೋಸಾರ್‌ಗಳಿಗೆ ನಂಟು ಹಲ್ಲಿಗಳ ಜೊತೆಗಲ್ಲ, ಹಕ್ಕಿಗಳ ಜೊತೆಗೆ ಎಂದು ವಾದಿಸುತ್ತಾನೆ. ಸುತ್ತಲಿನವರು ನಗುತ್ತಾರೆ. ಆ ನಗೆಗೆ ಕೊನೆಯ ಹೆಜ್ಜಾರ್ಲೆಗಳು ಉತ್ತರ. ಲಕ್ಷಗಟ್ಟಲೆ ಹಣ ಸುರಿದು, ತೇಪೆ ಹಾಕಿ ಮರಳಿ ಹುಟ್ಟಿಸಲು ಹೊರಟ ಪ್ರಾಣಿ ಎಲ್ಲಿಗೂ ಹೋಗಿರಲೇ ಇಲ್ಲ, ಕಿಟಕಿಯಾಚೆ ಹಾರುತ್ತಿತ್ತು. ಮೊದಲಿನ ಆ ನಾಲ್ಕು ಮಾತು ಕನ್ನಡದಲ್ಲಿದ್ದಿದ್ದರೆ ಕೊನೆಯ ದೃಶ್ಯಕ್ಕೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ.

1993ರಲ್ಲಿ ಅದು ವಿಜ್ಞಾನಿಗಳ ನಡುವೆ ಇನ್ನೂ ವಾದದ ವಿಷಯ. 1996ರಲ್ಲಿ ಚೀನಾದಲ್ಲಿ ಗರಿಯಂಥ ಹೊದಿಕೆಯಿದ್ದ ಸಣ್ಣ ಡೈನೋಸಾರಿನ ಪಳೆಯುಳಿಕೆ ಹೊರಬಂತು. ಆಮೇಲೆ ಅಂಥವು ಒಂದರ ಮೇಲೊಂದು ಸಿಕ್ಕವು. ಚಿತ್ರದಲ್ಲಿ ಅಡಿಗೆಮನೆಗೆ ನುಗ್ಗಿ ಮಕ್ಕಳನ್ನು ಹುಡುಕುವ ವೆಲಾಸಿರ್ಯಾಪ್ಟರ್ ಇದೆಯಲ್ಲ, ಅದರ ತೋಳಿನ ಮೂಳೆಯಲ್ಲಿ ಗರಿ ನಾಟಿಕೊಳ್ಳುವ ಗುಬುಟುಗಳು 2007ರಲ್ಲಿ ಪತ್ತೆಯಾದವು. ನಿಜವಾದ ವೆಲಾಸಿರ್ಯಾಪ್ಟರ್ ಆಳೆತ್ತರದ ಬೋಳು ಮೈಯ ರಾಕ್ಷಸನಲ್ಲ. ಬಾಲ ಉದ್ದವಿದ್ದ, ಗರಿ ಹೊದ್ದ, ಟರ್ಕಿ ಕೋಳಿಯಷ್ಟು ದೊಡ್ಡ ಪ್ರಾಣಿ. ಬೆದರಿಸಲು ಅದು ಸಾಲದೆಂದು ಚಿತ್ರದವರು ಹಿಗ್ಗಿಸಿದರು. ಹಕ್ಕಿಗಳು ಡೈನೋಸಾರ್ ಕುಲದ ಉಳಿದ ಕವಲು ಎಂಬುದು ಈಗ ಪಠ್ಯಪುಸ್ತಕದ ಮಾತು.

ಆ ಕುಲದ ಇನ್ನೊಂದು ಹತ್ತಿರದ ನೆಂಟ ಮೊಸಳೆ. ಹಲ್ಲಿಗೆ ಮೊಸಳೆ ಸೋದರನೆಂದು ನೋಟಕ್ಕೆ ಅನಿಸಿದರೂ, ವಂಶಾವಳಿಯಲ್ಲಿ ಅದು ಹಕ್ಕಿಗೇ ಹತ್ತಿರ. ಡೈನೋಸಾರ್‌ಗಳನ್ನು ಒಳಗೊಂಡ ಆ ಹಳೆಯ ದೊಡ್ಡ ಮನೆತನದಲ್ಲಿ ಇಂದು ಬದುಕುಳಿದಿರುವುದು ಈ ಎರಡೇ: ಹಕ್ಕಿಗಳು ಮತ್ತು ಮೊಸಳೆಗಳು. ಇವೆರಡನ್ನೂ ಒಂದೇ ದೋಣಿಯಲ್ಲಿ ಕುಳಿತು ನೋಡಬಹುದಾದ ತಾಣ ಮೈಸೂರಿನಿಂದ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ. ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟು. ಕಾವೇರಿಯ ನಡುವಿನ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ, ಅದರ ತಲೆಯ ಮೇಲಿನ ಕೊಂಬೆಯಲ್ಲಿ ಗೂಡು ಕಟ್ಟಿದ ಬಣ್ಣದ ಕೊಕ್ಕರೆ, ಪಕ್ಕದ ತಿಟ್ಟಿನಲ್ಲಿ ಚಮಚಕೊಕ್ಕು, ಮತ್ತು ಚಿತ್ರದ ಕೊನೆಯಲ್ಲಿ ಕಂಡವುಗಳ ದೇಶೀ ಬಂಧುಗಳಾದ ಹೆಜ್ಜಾರ್ಲೆಗಳು. ಗೂಡುಗಳ ಗದ್ದಲ ಜೋರಾಗಿರುವುದು ಚಳಿಗಾಲ ಕಳೆದು ಬೇಸಿಗೆ ಏರುವ ತಿಂಗಳುಗಳಲ್ಲಿ. ಬೆಳಗಿನ ಮೊದಲ ದೋಣಿಗೇ ಹೋಗುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಮೊಸಳೆಗಳು ನೀರಿಗೆ ಜಾರಿಬಿಡುತ್ತವೆ. ದೋಣಿ ನಡೆಸುವವರು ಹಕ್ಕಿಗಳ ಹೆಸರನ್ನೆಲ್ಲ ಕನ್ನಡದಲ್ಲೇ ಹೇಳುತ್ತಾರೆ.